ಕಿಟಕಿ ಪಕ್ಕದ ಟಾವೆಲ್

ಒಂದಾನೊಂದು ಊರಿನಲ್ಲಿ ಟಾವೆಲ್ಲಿನ ಅಂಚಿಗೆ ಗಂಟು ಹಾಕುವ ಮುದುಕಿಯೊಬ್ಬಳಿದ್ದಳು. ಊರು ಸೊಲ್ಲಾಪುರ, ಮುದುಕಿ ನನ್ನಜ್ಜಿ ನೀಲಗಂಗಾ. ಬೆರಳನ್ನು ನೀರಿಗೆ ಅದ್ದಿ ಎಳೆ ಹೊಸೆಯುತ್ತಲೇ ನನಗೆ ಕಥೆ ಹೇಳುತ್ತಿದ್ದಳು. ಸ್ವಾಮಿಯ ಗುಡಿಗೆಂದು ಹತ್ತುತ್ತಿದ್ದ ಅಕ್ಕಲಕೋಟೆಯ ಬಸ್ಸಿನಲ್ಲಿ ಅವಳಿಗೆ ಒಮ್ಮೆಯೂ ಸೀಟು ಸಿಕ್ಕಿರಲಿಲ್ಲ.

"ಈ ಟಾವೆಲ್ ಮುಗೀಲಿ, ಸ್ವಾಮಿಗೆ ಕೊಡಾಕ ಹೋಗೂಣು. ಕಿಟಕಿ ಸೀಟ ಹಿಡೀತಿ ಇಲ್ಲ?" ಎಂದಿದ್ದಳು. ಹಿಡಿಯುತ್ತೇನೆಂದು ಮಾತು ಕೊಟ್ಟೆ. ಒಂದು ಅಂಚು ಮುಗಿದಿತ್ತು. ಇನ್ನೊಂದರ ಎಳೆಗಳು ಬಿಡಿಯಾಗಿರುವಾಗಲೇ ಅಜ್ಜಿ ತೀರಿಕೊಂಡಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಅದೇ ಟಾವೆಲ್ ಹಿಡಿದು ಸ್ಟ್ಯಾಂಡಿಗೆ ಹೋದೆ. ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯೊಳಗೆ ಟೊಪ್ಪಿಗೆ, ಚೀಲ ಎಸೆದು ಸೀಟು ಹಿಡಿಯುತ್ತಿದ್ದರು. ನಾನು ಟಾವೆಲ್ ಎಸೆದೆ. ನೂಕುನುಗ್ಗಲಿನಲ್ಲಿ ಹತ್ತಿ ನೋಡಿದರೆ ಅದು ಕಿಟಕಿ ಸೀಟಿನ ಮೇಲೆ ನೀಟಾಗಿ ಮಡಚಿಟ್ಟಂತೆ ಇತ್ತು. ಸರಿಸಲು ಮನಸ್ಸಾಗದೆ ಪಕ್ಕದಲ್ಲಿ ಕೂತೆ. ಅಂಥ ಸುಡು ಮಧ್ಯಾಹ್ನದಲ್ಲೂ ಕಿಟಕಿ ಕಡೆಯ ನನ್ನ ತೋಳು ಮಾತ್ರ ತಣ್ಣಗಿತ್ತು.

"ತಂಗಿ, ಟಾವೆಲ್ಲಿಗೂ ತಿಕೀಟ ತಗಿಸೀಯೇನು? ಸರಿಸು," ಎಂದರು ರುಮಾಲಿನ ಹಿರಿಯರೊಬ್ಬರು.

"ನಮ್ಮ ಅಜ್ಜಿಗೆ ಹಿಡದೀನ್ರಿ, ಕಾಕಾ."

ಅವರು ನಗುತ್ತಲೇ ಕೂರಲು ಬಾಗಿದರು. ಸೀಟಿಗೆ ಕೈ ತಾಗಿದ್ದೇ ನಗು ನಿಂತಿತು. "ಕುಂಡ್ರಲಿ ಬಿಡವ್ವಾ," ಎಂದವರು ದಾರಿಯುದ್ದಕ್ಕೂ ನಿಂತೇ ಬಂದರು. ಕಿಟಕಿಯ ಕಡೆ ಮತ್ತೆ ನೋಡಲಿಲ್ಲ. ಬಸ್ಸಿನ ಗದ್ದಲದೊಳಗೂ ನೂಲು ಹೊಸೆಯುವಂಥ ಸಣ್ಣ ಸದ್ದು ನನ್ನ ಪಕ್ಕದಲ್ಲೇ ಕೇಳುತ್ತಿತ್ತು.

ಅಕ್ಕಲಕೋಟೆಯಲ್ಲಿ ಇಳಿಯುವಾಗ ಟಾವೆಲ್ ಎತ್ತಿಕೊಂಡೆ. ಎರಡೂ ಅಂಚುಗಳಿಗೆ ಗಂಟು ಬಿದ್ದಿತ್ತು. ಗುಡಿಗೆ ಹೋಗಿ ಅದನ್ನು ಸ್ವಾಮಿಗೆ ಒಪ್ಪಿಸಿದೆ. ಆಗಲೂ ಹೊಸ ಗಂಟುಗಳು ಒದ್ದೆಯಾಗಿಯೇ ಇದ್ದವು.