ಸತ್ತ ತಂತಿಯಲ್ಲಿ ಕರೆಂಟ್

ಸೆಪ್ಟೆಂಬರ್ ಒಂಬತ್ತರ ಬೆಳಿಗ್ಗೆ ಬೇಯೂ ಕಾಂದ್ರೊ ಊರಿನ ಪೊಲೀಸ್ ಠಾಣೆಗೆ ದೂರು ತಂದವನು ಲೈನ್‌ಮನ್‌ಗಳ ಮೇಸ್ತ್ರಿ ರಾಯ್ಸ್ ಟಿಲ್ಮನ್. ಚಂಡಮಾರುತಕ್ಕೆ ಹರಿದ ತಂತಿಗಳನ್ನು ಸರಿಪಡಿಸಲು ಅಲಬಾಮಾದಿಂದ ಬಂದ ತಂಡ ಅವನದು. ತಂಡದ ಡೆವಿನ್ ಹಾಲ್ಕಮ್ ಕಂಬದ ಮೇಲೆಯೇ ಸತ್ತಿದ್ದ. ಪರೀಕ್ಷಿಸಿದಾಗ ತಂತಿಯಲ್ಲಿ ಕರೆಂಟ್ ಇರಲಿಲ್ಲ. ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತಿಂಗ್ ಕೊಡಲು ಕೈ ಚಾಚುವಷ್ಟರಲ್ಲಿ ಕರೆಂಟ್ ಬಂದಿತ್ತು.

"ಇದು ಕಂಪನಿ ಕರೆಂಟಲ್ಲ ಮೇಡಂ, ಯಾರದೋ ಮನೆ ಜನರೇಟರ್‌ದು. ಅದು ಸಿಗೋವರೆಗೂ ನನ್ನೋರು ಕಂಬ ಹತ್ತಲ್ಲ," ಎಂದ ರಾಯ್ಸ್.

ಡಿಟೆಕ್ಟಿವ್ ನೋಎಲಿ ಪಿತ್ರ ದೂರು ದಾಖಲಿಸಿಕೊಂಡು, ಡೆಪ್ಯುಟಿ ಡಾರ್ಡಾರ್‌ನೊಂದಿಗೆ ಹೊರಟಳು. ಹೆಣವನ್ನು ಕೆಳಗಿಳಿಸಿದ್ದರು. ಕೈಗವಸು ಸುಟ್ಟು ಅಂಗೈಗೆ ಅಂಟಿತ್ತು. ಮಹಜರು ಬರೆಯುವಾಗ ಡಾರ್ಡಾರ್ ಎರಡು ಬಾರಿ ಪೆನ್ನು ಕೆಳಗಿಟ್ಟ. ಗಾಳಿಯೇ ಇರಲಿಲ್ಲ. ಬೀದಿಯ ಉದ್ದಕ್ಕೂ ಜನರೇಟರ್‌ಗಳು ಒಂದೇ ಸಮನೆ ಗುರುಗುಡುತ್ತಿದ್ದವು. ಕೊಲೆಗಾರ ಅವುಗಳಲ್ಲೇ ಒಂದು. ಮನೆಯ ವೈರಿಂಗ್‌ಗೇ ಜನರೇಟರ್ ಸಿಕ್ಕಿಸಿ, ಮೇನ್ ಸ್ವಿಚ್ ಆರಿಸದೇ ಬಿಟ್ಟರೆ ಕರೆಂಟ್ ಹಿಂದಕ್ಕೆ ಬೀದಿಗೆ ಹರಿಯುತ್ತದೆ. ಕಂಬದ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟ್ ಮಾಡುತ್ತದೆ. ಆ ತುಂಡು ತಂತಿಗೆ ಸೇರಿದ್ದು ಏಳು ಮನೆ.

ಮೊದಲ ಮನೆಯ ಯುಲಾಲಿ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು.

"ಕರೆಂಟ್ ಕಳಿಸ್ತಾರೆ ಅಂದ್ಕೊಂಡ್ರೆ ಪೊಲೀಸ್ ಕಳಿಸಿದ್ರಾ?"

ಅವಳ ಯಂತ್ರ ಅಂಗಳದ ತುದಿಯಲ್ಲಿತ್ತು. ಹೊಗೆ ಒಳಗೆ ನುಗ್ಗಿದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆಂದು ಅಲ್ಲಿಟ್ಟಿದ್ದಳು. ಅದರಿಂದ ಕಿತ್ತಳೆ ಬಣ್ಣದ ವೈರು ಕಿಟಕಿಯಿಂದ ಒಳಹೋಗಿ ನೇರ ಫ್ರಿಜ್ಜಿಗೆ ಸೇರಿತ್ತು. ಮುಂದಿನ ಐದು ಮನೆಗಳಲ್ಲೂ ಅಂಥದೇ ವೈರುಗಳು, ಯಾವುದೂ ಮನೆಯ ವೈರಿಂಗ್‌ಗೆ ಸೇರಿರಲಿಲ್ಲ.

ಕೊನೆಯದು ಸೀಗಡಿ ದೋಣಿಗಳ ಮೆಕ್ಯಾನಿಕ್ ಆಲ್ಸೈಡ್ ಷಿಯಾಸನ್‌ನದು. ನೋಎಲಿಯ ತಂದೆಯ ದೋಣಿಯನ್ನು ರಿಪೇರಿ ಮಾಡುತ್ತಿದ್ದವನೂ ಅವನೇ. ಶೆಡ್ಡಿನ ಹಿಂದಿದ್ದ ಜನರೇಟರ್ ಆರಿತ್ತು, ಮುಟ್ಟಿದರೆ ಇನ್ನೂ ಬಿಸಿ. ಆದರೆ ಯಾವ ಕಿಟಕಿಯಲ್ಲೂ ವೈರಿರಲಿಲ್ಲ.

"ಆಲ್ಸೈಡ್ ಮಾವ, ಮನೆಗೆ ಕರೆಂಟ್ ಹೇಗೆ ಕೊಟ್ಟೆ?"

ಅಷ್ಟರಲ್ಲಿ ಡಾರ್ಡಾರ್ ಬಟ್ಟೆ ಒಗೆಯುವ ಕೋಣೆಯಿಂದ ದಪ್ಪ ಕಪ್ಪು ಕೇಬಲ್ ಹೊರಗೆಳೆದ. ಎರಡೂ ತುದಿಗೆ ಪ್ಲಗ್, ಒಂದು ಜನರೇಟರ್‌ಗೆ, ಇನ್ನೊಂದು ಮನೆಯ ಗೋಡೆಯ ಸಾಕೆಟ್‌ಗೆ. ಯಾವ ಅಂಗಡಿಯಲ್ಲೂ ಸಿಗದ, ಕೈಯಲ್ಲೇ ಮಾಡಿದ ವಸ್ತು.

"ನೀನೇ ಮಾಡಿದ್ದಾ?"

"ನಾನೇ."

"ಮೇನ್ ಆಫ್ ಮಾಡಿರಲಿಲ್ವಾ?"

"ಮರೆತೆ."

ಅವನು ಬೇಗ ಹೇಳಿಬಿಟ್ಟ. ಎಂಜಿನ್ನಿನ ಒಂದು ನಟ್ಟನ್ನೂ ಎರಡು ಸಲ ನೋಡುವ ಮನುಷ್ಯ. ನೋಎಲಿ ಅವನ ಮುಖವನ್ನೇ ನೋಡುತ್ತಿರುವಾಗ ಒಳಗಿನಿಂದ ಟಕ್ ಎಂಬ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು, ಹತ್ತಿರದಲ್ಲೇ.

ಅವನ ಹೆಂಡತಿ ವೆರ್ನಾ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಅವಳ ನೆನಪು ಹೋಗಿ ಎರಡು ವರ್ಷವಾಗಿತ್ತೆಂದು ಊರಿಗೇ ಗೊತ್ತು. ಸಿಕ್ಕ ಸ್ವಿಚ್ಚನ್ನೆಲ್ಲ ಒತ್ತುವಳು, ತಲೆಯೆತ್ತಿ ನೋಡುವಳು, ಮುಂದಕ್ಕೆ ಹೋಗುವಳು. ನಡುಮನೆಯ ಮೂಲೆಯಲ್ಲಿದ್ದ ಮೇನ್ ಬೋರ್ಡಿನ ತಗಡಿನ ಮುಚ್ಚಳ ತೆಗೆದು, ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದಳು. ಮತ್ತೆ ಮೇಲಕ್ಕೆ ತಳ್ಳಿದಳು. ಡಾರ್ಡಾರ್ ಕೈಯಲ್ಲಿದ್ದ ಕೇಬಲ್ಲನ್ನು ನೋಡಿದ.

"ದೀಪ ಬರ್ಲಿಲ್ಲ ಅಂದ್ರೆ ಕಣ್ಣು ಹೋಯ್ತು ಅಂತ ಅಳ್ತಾಳೆ," ಎಂದ ಆಲ್ಸೈಡ್ ಮೆಲ್ಲಗೆ. "ಒಂದು ಟೇಬಲ್ ಲ್ಯಾಂಪ್ ಇಟ್ರೆ ಸಾಕಾಗಲ್ಲ ಮಗಳೇ. ಅವಳು ಒತ್ತಿದ ಸ್ವಿಚ್ಚಿಗೆಲ್ಲ ದೀಪ ಬರಬೇಕು. ಅದಕ್ಕೇ ಆ ಕೇಬಲ್ ಮಾಡ್ದೆ."

"ಇವತ್ತು ಬೆಳಿಗ್ಗೆ ಮೇನ್ ಹಾಕಿದ್ದು ಯಾರು ಮಾವ?"

"ನಾನು ಮರೆತೆ ಅಂದ್ನಲ್ಲ. ಹಾಗೇ ಬರ್ಕೋ."

ನೋಎಲಿ ಹಾಗೇ ಬರೆದುಕೊಂಡಳು. ಸ್ವಿಚ್ ಯಾರದೇ ಕೈಯಲ್ಲಿ ಮೇಲೆ ಹೋಗಿರಲಿ, ಕೇಬಲ್ ಅವನದು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ಬಂಧಿಸಿದಳು. ಕೇಬಲ್ಲನ್ನು ಚೀಲದಲ್ಲಿ ಹಾಕಿ ಮುದ್ರೆ ಒತ್ತಿದರು. ರಾಯ್ಸ್‌ಗೆ ಸುದ್ದಿ ಹೋಯಿತು. ವೆರ್ನಾಳ ಬಳಿ ಇರಲು ಯುಲಾಲಿ ಚಿಕ್ಕಮ್ಮ ಬಂದಳು.

ಕೈಕೋಳ ಹಾಕಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದ ಆಲ್ಸೈಡ್ ತಿರುಗಿ ನಿಂತ.

"ಯುಲಾಲಿ, ಅವಳು ದೀಪ ಬಂತಾ ಅಂತ ಕೇಳ್ತಾಳೆ. ಬಂತು ಅನ್ನು."