ತಟ್ಟೆ ತಾತನ ಆಕಾಶದ ತುಂಡು

ಪೆಟ್ಟಿಗೆ ಖಾಲಿಯಾಗಿತ್ತು.

"ಹೋಯ್ತು! ಎಲ್ಲಾ ಹೋಯ್ತು!"

ಮಹಡಿಯಿಂದ ತಟ್ಟೆ ತಾತನ ಕೂಗು ಕೇಳಿ ಬೀದಿಯಲ್ಲಿ ಹೋಗುತ್ತಿದ್ದ ನಾನೂ ಅಕ್ಕನೂ ನಿಂತೆವು. ಅಕ್ಕ ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಅವಳ ಕಿವಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲೇರುತ್ತಿದ್ದಳು.

ತಾತನದು ಗಡಿಯಾರ ರಿಪೇರಿಯ ಕಸುಬು. ದೇವದೂತರು ರೆಕ್ಕೆ ಬಡಿದುಕೊಂಡಲ್ಲ, ಹಾರುವ ತಟ್ಟೆಯಲ್ಲಿ ಬರುತ್ತಾರೆ ಎಂಬುದು ಅವರ ನಂಬಿಕೆ. ಅಡ್ಡಹೆಸರು ಬೀದಿಯ ಮಕ್ಕಳು ಇಟ್ಟದ್ದು. ವಾರಕ್ಕೊಮ್ಮೆ ಅವರ ಮಹಡಿಯಲ್ಲಿ ಹತ್ತಾರು ಜನ ಸೇರಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು, ಆಮೇಲೆ ಕಣ್ಣು ಬಿಟ್ಟು ಆಕಾಶ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಅಷ್ಟು ಒಳ್ಳೆಯ ಮನುಷ್ಯನೆದುರು ನಗಲು ಮಾತ್ರ ಮನಸ್ಸಾಗುತ್ತಿರಲಿಲ್ಲ.

ಕಾಣೆಯಾದದ್ದು ಅಂಗೈಯಗಲದ, ಸುಟ್ಟು ಕರಿದಾದ ಲೋಹದ ತುಂಡು. ಆಕಾಶದಿಂದ ಬಿದ್ದದ್ದಂತೆ. ಅದನ್ನು ಹಿಡಿದು ನಿಂತವರನ್ನು ದೇವದೂತರು ಕರೆದೊಯ್ಯುತ್ತಾರೆ — ಒಬ್ಬರನ್ನು ಮಾತ್ರ. ಇಂದು ಸಂಜೆ ತನ್ನ ಸರದಿ ಎಂದು ತಾತನಿಗೆ ಪ್ರಾರ್ಥನೆಯಲ್ಲಿ ತಿಳಿದಿತ್ತು. ಉಪಕರಣಗಳನ್ನು ಪಕ್ಕದಂಗಡಿಯವನಿಗೆ ಕೊಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಿದ್ಧವಾಗಿದ್ದರು.

"ಕೊನೇ ಸಲ ಯಾವಾಗ ನೋಡಿದ್ರಿ?" ಅಕ್ಕ ಕೇಳಿದಳು.

"ಬೆಳಿಗ್ಗೆ ಇತ್ತಮ್ಮಾ. ಊಟ ಮಾಡಿ ಸ್ವಲ್ಪ ಮಲಗಿದ್ದೆ. ಎದ್ದು ಬಂದು ನೋಡಿದ್ರೆ—"

"ಬೀಗ ಹಾಕಿರಲಿಲ್ವಾ?"

"ಪ್ರಾರ್ಥನಾ ಕೋಣೆಗೆ ಬೀಗ ಹೇಗಮ್ಮಾ? ಇಲ್ಲಿಗೆ ಭೂಮಿಯ ಲೋಹ ಬರಬಾರದು. ಮೈಮೇಲೆ ಲೋಹ ಇದ್ದೋರನ್ನ ದೇವದೂತರು ಮುಟ್ಟೋದೂ ಇಲ್ಲ. ಪ್ರಾರ್ಥನೆ ದಿನ ಬುಟ್ಟಿ ಇಡ್ತೀವಿ; ಉಂಗುರ, ಬೀಗದ ಕೈ, ಎಲ್ಲಾ ಅದರಲ್ಲಿ ಬಿಟ್ಟೇ ಒಳಗೆ ಬರ್ತಾರೆ."

ನಾನು ಹೊರಗೇ ಬೆಲ್ಟು ಬಿಚ್ಚಿ ಬಂದು, ಪ್ಯಾಂಟು ಹಿಡಿದುಕೊಂಡು ನಿಂತಿದ್ದೆ. ಬಾಗಿಲ ಪರದೆಯಲ್ಲಿ ಗುಂಡುಪಿನ್ನುಗಳು ಮಿನುಗುತ್ತಿದ್ದವು. ತಾತನ ಹೆಂಡತಿ ಬಟ್ಟೆ ಹೊಲಿಯುವ ಟೈಲರಮ್ಮ; ಅವರ ಮನೆಯಲ್ಲಿ ಪಿನ್ನು ಅದೇನು ವಿಶೇಷ?

ಕೆಳಗೆ ವಿಚಾರಣೆ ಶುರುವಾಯಿತು. ಮೊದಲು ಫೋಟೋ ಸ್ಟುಡಿಯೋದ ಮಾಲೀಕ, ಪ್ರಾರ್ಥನಾ ಕೂಟದ ಕಾರ್ಯದರ್ಶಿ.

"ತುಂಡನ್ನ ದೊಡ್ಡ ಸಭಾಂಗಣದಲ್ಲಿ ಇಡೋಣ ಅಂತ ನೀವು ಜಗಳ ಆಡಿದ್ರಂತೆ?"

"ಆಡಿದ್ದು ನಿಜ. ಆದ್ರೆ ಮಧ್ಯಾಹ್ನವೆಲ್ಲಾ ಸ್ಟುಡಿಯೋದಲ್ಲಿದ್ದೆ. ಒಂದು ಮಗು ನಗ್ಲಿ ಅಂತ ಕುಣಿದು ಕುಣಿದು ಸಾಕಾಯ್ತು. ಅದರಪ್ಪನ್ನ ಕೇಳಿ."

"ನಾನಂತೂ ಕದ್ದಿಲ್ಲ!" ಮೂಲೆಯಿಂದ ತಾತನ ಅಳಿಯ ಕಿರುಚಿದ.

"ನಿಮ್ಮನ್ನ ಯಾರೂ ಕೇಳಲೇ ಇಲ್ವಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಲ್ಲರ ಕಣ್ಣೂ ಅವನ ಮೇಲೆ.

"ಅದು ಯಾವುದೋ ಸ್ಕೂಟರಿನ ಸೈಲೆನ್ಸರ್ ಚೂರು! ಎಸೀರಿ ಅಂತ ನೂರು ಸಲ ಹೇಳಿದ್ದೀನಿ. ಹೇಳಿದ್ದೀನಿ ಅಷ್ಟೇ, ಎಸೆದಿಲ್ಲ."

ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ಆ ಹುಚ್ಚರ ಸಂತೆಗೆ ನಾನು ಕಾಲಿಟ್ಟೋಳೇ ಅಲ್ಲ," ಎಂದವರು ರವಿಕೆಯ ತೋಳಿಗೆ ಕೈಹೊಲಿಗೆ ಹಾಕಲು ಹೋಗಿ ಬೆರಳು ಚುಚ್ಚಿಕೊಂಡರು. ಇಷ್ಟು ವರ್ಷದ ಕಸುಬಿನಲ್ಲಿ ಸೂಜಿ ಚುಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಅಕ್ಕ ಮತ್ತೊಮ್ಮೆ ಮಹಡಿಗೆ ಹೋಗಿ ಬಂದಳು. ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗುಂಡುಪಿನ್ನುಗಳು, ಜೊತೆಗೆ ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ.

"ಪಿನ್ನು ಪರದೆಯಲ್ಲಿತ್ತು. ಟೊಪ್ಪಿಗೆ ಬಾಗಿಲ ಹೊರಗಿನ ಕಿಟಕಿ ಕಟ್ಟೆಯ ಮೇಲೆ."

"ಪರದೆ ಹೊಲೀತಿದ್ರೇನೋ," ಎಂದೆ ನಾನು.

"ಪಿನ್ನು ಚುಚ್ಚೋದು ಬಟ್ಟೆ ಮಡಿಸಿ ಹಿಡಿಯೋಕೆ. ಆ ಪರದೆಯಲ್ಲಿ ಮಡಿಕೆಯೇ ಇಲ್ಲ ಕಣೋ. ಯಾರೋ ಮೈಮೇಲಿದ್ದ ಲೋಹ ತೆಗೆದು ಅಲ್ಲಿಟ್ಟು ಒಳಗೆ ಹೋಗಿದ್ದಾರೆ. ಮಧ್ಯಾಹ್ನ ಬುಟ್ಟಿ ಇನ್ನೂ ಇಟ್ಟಿರಲಿಲ್ಲ. ಬರುವಾಗ ಗಾಬರೀಲಿ ಮರೆತಿದ್ದಾರೆ. ಅಳಿಯಂದಿರಾಗಿದ್ರೆ ಲೋಹ ತೆಗೀತಿದ್ರಾ? ನಂಬದೋರಿಗೆ ನಿಯಮ ಯಾಕೆ? ಕದಿಯೋಕೆ ಹೋಗಿಯೂ ನಿಯಮ ಮುರೀಲಿಲ್ಲ ಅಂದ್ರೆ—" ಅಕ್ಕನ ದನಿ ಮೆತ್ತಗಾಯಿತು. "ಅಮ್ಮಾ, ತಗೊಂಡೋರು ನೀವು. ಎಲ್ಲರಿಗಿಂತ ಜಾಸ್ತಿ ನಂಬೋರೂ ನೀವೇ."

ಸದಾ ಪಿನ್ನುಗಳ ಸಾಲು ಹೊತ್ತಿರುತ್ತಿದ್ದ ಟೈಲರಮ್ಮನ ಎದೆ ಇಂದು ಬರಿದಾಗಿತ್ತು.

"ನಂಬದೆ ಏನ್ಮಾಡ್ಲಿ?" ಅವರು ಕೈಲಿದ್ದ ಬಟ್ಟೆ ಕೆಳಗಿಟ್ಟರು. "ಈ ಮನುಷ್ಯ ಗಡಿಯಾರ ನಾಳೆ ಕೊಡ್ತೀನಿ ಅಂದ್ರೆ ನಾಳೆನೇ ಕೊಟ್ಟೋರು. ಇವತ್ತು ಹೋಗ್ತೀನಿ ಅಂದ್ರೆ ಹೋಗೇಬಿಡ್ತಾರಲ್ಲ!"

ತಾತ ಬೆಕ್ಕಸಬೆರಗಾದರು. "ಮತ್ತೆ ದಿನಾ ಬೈತಿದ್ದೆಯಲ್ಲೇ?"

"ಬೈದ್ರಾದ್ರೂ ಬಿಡ್ತೀರೇನೋ ಅಂತ ಬೈದೆ ಕಣ್ರೀ."

"ಎಲ್ಲಿದೆ ಅದು?"

"ನನ್ನ ದಿಂಬಿನೊಳಗೆ ಇಟ್ಟು ಹೊಲಿದಿದ್ದೀನಿ. ಬರೋರು ಮೊದಲು ನನ್ನ ಹತ್ರ ಬರ್ಲಿ. ಇಬ್ಬರನ್ನೂ ಕರ್ಕೊಂಡು ಹೋಗಿ, ಇಲ್ಲಾ ಇಬ್ಬರನ್ನೂ ಬಿಡಿ ಅಂತ ಜಗಳ ಆಡ್ತಿದ್ದೆ."

ಯಾರೂ ನಗಲಿಲ್ಲ. ತಾತ ಅವರ ಪಕ್ಕ ಕುಳಿತು, ಚುಚ್ಚಿಕೊಂಡ ಬೆರಳನ್ನು ಕೈಯಲ್ಲಿ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

"ಒಬ್ಬರಿಗೇ ಜಾಗ ಇರೋ ಗಾಡಿ ದೇವರದ್ದಾಗಿರಲ್ಲ ಕಣೇ," ಎಂದರು ತಾತ. ಕಾರ್ಯದರ್ಶಿಯ ಕಡೆ ತಿರುಗಿದರು. "ಪ್ರಾರ್ಥನೆ ನೀನೇ ನಡೆಸಪ್ಪಾ. ಹಾಗೇ ಪಕ್ಕದಂಗಡೀಲಿ ನನ್ನ ಉಪಕರಣ ವಾಪಸ್ ಕೇಳು."

ಆಮೇಲೆ ಅಕ್ಕನ ಅಂಗೈಯಿಂದ ಒಂದು ಗುಂಡುಪಿನ್ನು ಎತ್ತಿ ಹೆಂಡತಿಗೆ ಕೊಟ್ಟು, ಕತ್ತು ಮುಂದೆ ಚಾಚಿದರು.

"ತಗೋ, ನನ್ನ ಕಾಲರಿಗೆ ಚುಚ್ಚು. ಲೋಹ ಇದ್ದೋರನ್ನ ಅವರು ಮುಟ್ಟಲ್ಲ."

ಟೈಲರಮ್ಮ ಕಣ್ಣೊರೆಸಿಕೊಂಡು, ಒಂದಲ್ಲ, ಅಷ್ಟೂ ಪಿನ್ನುಗಳನ್ನು ಚುಚ್ಚಿದರು.