ಹದಿನಾರು ಪೌಂಡ್ ಸಾಕು

ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ದೊಡ್ಡ ಟರ್ಬೊ ಕೂರಿಸಿದ ಕಾರಿಗೆ ಆ ಗಾಳಿಯ ಒತ್ತಡ ಎಷ್ಟಿರಬೇಕೆಂದು ನಮ್ಮ ಗ್ಯಾರೇಜಿನಲ್ಲಿ ತೀರ್ಮಾನಿಸುತ್ತಿದ್ದವಳು ನನ್ನ ಹೆಂಡತಿ. ನಾನು ಒಂದೊಂದೇ ಪೌಂಡ್ ಏರಿಸುತ್ತಿದ್ದೆ. ಅವಳು ಎಂಜಿನ್ನಿಗೆ ತಂತಿಯಿಂದ ಜೋಡಿಸಿದ ಹೆಡ್‌ಫೋನಿನಲ್ಲಿ ಕಿವಿಗೊಟ್ಟು ಕೇಳಿ, ಒಳಗೆ ಎಂಜಿನ್ ಕೆಡಿಸುವ ಕಟಕಟ ಸದ್ದು ಹುಟ್ಟುವ ಮುನ್ನವೇ "ಸಾಕು ರೀ" ಎನ್ನುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಹೆಡ್‌ಫೋನನ್ನು ನಾನೇ ಹಾಕಿಕೊಂಡೆ. ಮೊದಲ ಕಾರು ಹದಿನಾರು ಪೌಂಡ್ ಮುಟ್ಟಿದಾಗ ಕಿವಿಯ ಮೆತ್ತೆ ಬೆಚ್ಚಗಾಯಿತು. ಎಂಜಿನ್ನಿನ ಗದ್ದಲದ ಅಡಿಯಿಂದ ಅದೇ ದನಿ ಬಂತು: "ಸಾಕು ರೀ." ಅಲ್ಲಿಗೇ ನಿಲ್ಲಿಸಿದೆ. ಮುಂದಿನ ಕಾರುಗಳಲ್ಲೂ ಹಾಗೇ ಆಯಿತು. ಒಂದು ಎಂಜಿನ್ನೂ ಕೆಡಲಿಲ್ಲ.

ನನಗೆ ಆಸೆ ಹತ್ತಿತು. ನಿನ್ನೆ ಮಧ್ಯಾಹ್ನ ಮೇಷ್ಟ್ರೊಬ್ಬರ ಕಾರಿನಲ್ಲಿ, ಅವಳು ಸಾಕೆಂದ ಮೇಲೂ ಏರಿಸಿದೆ. ಇನ್ನೊಂದು ಮಾತಾಡಲಿ ಎಂದು.

"ಕಿವಿ ಕೇಳಲ್ವಾ? ಪಾಪ, ಮೇಷ್ಟ್ರ ಗಾಡಿ ಕಣ್ರೀ ಅದು. ನಿಮ್ಮಪ್ಪನ ಮನೇದಲ್ಲ!"

ಎಷ್ಟೋ ತಿಂಗಳ ಮೇಲೆ ನಕ್ಕೆ. ನಗುತ್ತಲೇ ಮತ್ತೊಂದು ಪೌಂಡ್ ಏರಿಸಿದೆ. ಕಟಕಟ ಶುರುವಾಯಿತು. ಗಾಬರಿಯಾಗಿ ಎಂಜಿನ್ ಆರಿಸಿದೆ.

ಹೆಡ್‌ಫೋನಿನಲ್ಲಿ ಅವಳು ಅಳುತ್ತಿದ್ದಳು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೂ ಅತ್ತಳು.

ಸಂಜೆ ಮೇಷ್ಟ್ರು ಬಂದು ಗಾಡಿ ಕೇಳಿದರು. ಅವಳು ಅತ್ತ ಆ ಕಾರನ್ನು ನಾನಿನ್ನೂ ಕೊಟ್ಟಿಲ್ಲ.